ನಾಲ್ಕು ಮೊಳ ಉದ್ದ, ಮೂರು ಮೊಳ ಅಗಲ

“ಗುರುಗಳೇ, ಒಂದು ಮಂಡಲವೆಂದರೆ ನಲವತ್ತು ದಿನವೋ, ನಲವತ್ತೆಂಟು ದಿನವೋ?”

ಬೆಳಗಿನ ಪೂಜೆ ಮುಗಿಯುವುದನ್ನೇ ಶಿಷ್ಯನು ಕಾಯುತ್ತಿದ್ದನು. ಗುರುಗಳು ಹೊರಗೆ ಬಂದು ಜಗುಲಿಯ ಮೇಲೆ ಕುಳಿತ ಕೂಡಲೇ ಕೇಳಿಬಿಟ್ಟನು. ಪುಷ್ಯಮಾಸದ ಚಳಿ. ಹೊದ್ದ ಕಂಬಳಿಯನ್ನು ಅವನು ಇನ್ನೂ ತೆಗೆದಿರಲಿಲ್ಲ.

“ಬೆಳಗಾಗುತ್ತಲೇ ಯಾರಿಗಪ್ಪಾ ಬೇಕಾಯಿತು ಇದು?” ಎಂದರು ಗುರುಗಳು.

ಶಿಷ್ಯನು ಹೇಳಿದನು. ಮೊನ್ನೆ ಸಂಜೆ ಒಬ್ಬ ದಾರಿಹೋಕ ಮಠದ ಬಾಗಿಲಿಗೆ ಬಂದಿದ್ದಾನೆ. ಇಲ್ಲೇ ಇದ್ದು ಸೇವೆ ಮಾಡುತ್ತೇನೆ, ನನ್ನನ್ನೂ ಸೇರಿಸಿಕೊಳ್ಳಿ ಎನ್ನುತ್ತಾನೆ. ಹೊಸದಾಗಿ ಬಂದವರು ಒಂದು ಮಂಡಲ ವ್ರತ ಹಿಡಿಯಬೇಕೆಂಬುದು ಮಠದ ಕಟ್ಟಳೆ. ಎಷ್ಟು ದಿನವೆಂದು ಬಾಯಿಬಿಟ್ಟು ಹೇಳದೆ ಸಂಕಲ್ಪ ಮಾಡಿಸುವಂತಿಲ್ಲ. ಸಂಕಲ್ಪವಾಗದೆ ಹೊಸಿಲು ದಾಟಿಸುವಂತಿಲ್ಲ. ಹಿರಿಯರಲ್ಲಿ ಒಬ್ಬರು ನಲವತ್ತು ಎನ್ನುತ್ತಾರೆ, ಇನ್ನೊಬ್ಬರು ನಲವತ್ತೆಂಟು ಎನ್ನುತ್ತಾರೆ. ಇಬ್ಬರೂ ಓಲೆಗರಿ ತೆಗೆದು ತೋರಿಸಿದ್ದಾರೆ. ನಿನ್ನೆ ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಳಿತು ಉಂಡರು.

“ಇಬ್ಬರೂ ನನಗೆ ಅಕ್ಷರ ಕಲಿಸಿದವರು,” ಎಂದನು ಶಿಷ್ಯ. “ಯಾರ ಪರ ಹೇಳಲಿ? ನಿನ್ನೆಯೆಲ್ಲ ನಾನೂ ಹುಡುಕಿದೆ. ಎರಡಕ್ಕೂ ಆಧಾರವಿದೆ. ಆದರೆ ಇಬ್ಬರಲ್ಲಿ ಒಬ್ಬರದು ತಪ್ಪಿರಲೇಬೇಕಲ್ಲ, ಗುರುಗಳೇ?”

ಗುರುಗಳು ವಿಭೂತಿಯ ಕೈಯನ್ನು ಒರೆಸಿಕೊಂಡರು.

“ಕುಳಿತುಕೋ. ನಿನಗೊಂದು ಹಾಸಿಗೆಯ ಕತೆ ಹೇಳುತ್ತೇನೆ,” ಎಂದರು.

ಹಾಸಿಗೆ ಮಾಡುವ ಒಬ್ಬ ಮುದುಕನಿದ್ದ. ಹೆಸರು ದಸ್ತಗೀರ. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವನು. ಕರೆದವರ ಅಂಗಳದಲ್ಲೇ ಕುಳಿತು ಹತ್ತಿ ಹಿಂಜಿ, ತುಂಬಿ, ಹೊಲಿದು, ಕೊಟ್ಟು ಹೋಗುವನು. ಅವನಿಗೆ ಕಸುಬು ಕಲಿಸುವಾಗ ಅವನ ತಂದೆ ಒಂದು ಮಾತು ಹೇಳಿದ್ದನಂತೆ. ಮೊದಲು ಮಲಗುವವರನ್ನು ನೋಡು, ಅವರನ್ನು ನೋಡಿ ಹಾಸಿಗೆ ಮಾಡು, ಹಾಸಿಗೆಯನ್ನು ನೋಡಿ ಗವಸು ಹೊಲಿಯಲು ಹೇಳು, ಈ ಸಾಲನ್ನು ಮಾತ್ರ ಹಿಂದುಮುಂದು ಮಾಡಬೇಡ ಎಂದು. ದಸ್ತಗೀರ ಅದನ್ನು ನಮಾಜಿನಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದ. ಒಮ್ಮೆ ಮಾತ್ರ ತಪ್ಪಿದ. ಈ ಕತೆ ಆ ಒಮ್ಮೆಯದು.

ಒಬ್ಬ ರೈತ ಅವನನ್ನು ಕರೆಸಿದ. ರೈತನ ಮಗಳು ಬಾಳವ್ವನಿಗೆ ಮದುವೆ ಗೊತ್ತಾಗಿತ್ತು. ಗಂಡಿನ ಕಡೆ ಬಟ್ಟೆ ವ್ಯಾಪಾರದವರು. ತಂದೆ ಇಲ್ಲದ ಹುಡುಗ, ತಾಯಿಯೇ ಅಂಗಡಿ ನಡೆಸುತ್ತಿದ್ದಳು.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಮದುವೆಗೆ ಹಾಸಿಗೆ ದಿಂಬು ಹೆಣ್ಣಿನ ಮನೆಯವರದು, ಅದಕ್ಕೆ ಹಾಕುವ ಗವಸು, ಹೊದೆಯುವ ಹೊದಿಕೆ ಗಂಡಿನ ಮನೆಯವರದು. ಮದುವೆಯ ಮರುದಿನ ಗಂಡಿನ ಮನೆಯಲ್ಲಿ ಎರಡೂ ಕೂಡಬೇಕು. ಹುಡುಗಿಯ ತಂದೆ ಹಾಸಿಗೆ ಬಿಡಿಸಬೇಕು, ಹುಡುಗನ ತಾಯಿ ಅದಕ್ಕೆ ಗವಸು ಹಾಕಬೇಕು. ಅದಾದ ಮೇಲೆಯೇ ಹೊಸ ಸೊಸೆ ಕೋಣೆಯೊಳಗೆ ಕಾಲಿಡುವುದು. ಎರಡು ಮನೆ ಒಂದಾದವು ಎಂಬುದಕ್ಕೆ ಅದು ಗುರುತು. ಹಾಗಾಗಿ ವೀಳ್ಯ ಬದಲಾಯಿಸುವ ದಿನವೇ ಬೀಗರಿಬ್ಬರೂ ಅಳತೆ ಮಾತಾಡಿಕೊಂಡಿದ್ದರು. ಉದ್ದ ನಾಲ್ಕು ಮೊಳ, ಅಗಲ ಮೂರು ಮೊಳ.

ರೈತ ಅಂಗಳದಲ್ಲಿ ಮಂಡಿಯೂರಿ ಕುಳಿತ. ದೇವರನ್ನು ನೆನೆದು, ತನ್ನ ಮೊಣಕೈಯನ್ನು ನೆಲಕ್ಕೂರಿ, ಬೆರಳ ತುದಿಯವರೆಗೆ ಒಂದು, ಎರಡು ಎಂದು ಅಳೆದು ಇದ್ದಿಲಿನಿಂದ ಗೆರೆ ಎಳೆದ.

ದಸ್ತಗೀರ ಬಿಲ್ಲು ಇಳಿಸಿ ಗೆರೆಗಳನ್ನು ನೋಡಿದ. “ಯಜಮಾನರೇ, ಹುಡುಗ ಹುಡುಗಿ ಎಷ್ಟು ಎತ್ತರ? ಹುಡುಗಿಯನ್ನಾದರೂ ಒಮ್ಮೆ ಕರೆದರೆ ನೋಡಿ...”

“ಹಾಸಿಗೆ ತುಂಬೋದಕ್ಕೆ ಕರೆದೆನೋ, ಜಾತಕ ಕೂಡಿಸೋದಕ್ಕೆ ಕರೆದೆನೋ? ಗೆರೆ ಎಳೆದಿದ್ದೀನಲ್ಲ, ತುಂಬು.”

ದಸ್ತಗೀರನಿಗೆ ತಂದೆಯ ಮಾತು ನೆನಪಾಯಿತು. ಆದರೆ ರೈತ ದೊಡ್ಡ ಕುಳ, ದೊಡ್ಡ ಧ್ವನಿಯವ. ಮುದುಕ ಸುಮ್ಮನಾದ. ರೈತನ ಹೊಲದ ಹತ್ತಿಯನ್ನೇ ಮೂರು ದಿನ ಹಿಂಜಿ, ಗೆರೆಯಿಂದ ಗೆರೆಗೆ ತುಂಬಿ, ಹೊಲಿದು, ಒಂದು ಗೋಣಿತಾಟಿನಲ್ಲಿ ಸುತ್ತಿ ಕೊಟ್ಟು ಬಂದ.

ಅತ್ತ ಆ ತಾಯಿಯೂ ದೀಪ ಹಚ್ಚಿ ಕೈಮುಗಿದು, ತನ್ನ ಅಂಗಡಿಯ ಒಳ್ಳೆಯ ಬಟ್ಟೆ ತೆಗೆದು, ಮಂದವಾಗಲಿ ಎಂದು ಎರಡು ಪದರ ಮಾಡಿ ಗವಸು ಹೊಲಿದಳು. ನಾಲ್ಕು ಮೊಳ ಉದ್ದ, ಮೂರು ಮೊಳ ಅಗಲ. ತನ್ನ ಕೈಯಿಂದಲೇ ಅಳೆದಳು.

ಮದುವೆ ಆಯಿತು. ಮರುದಿನ ನೆಂಟರಿಷ್ಟರ ಎದುರಿಗೆ ಹಾಸಿಗೆ ಬಿಡಿಸಿದರು. ತಾಯಿ ಗವಸು ಏರಿಸಿದಳು. ತಲೆಯ ಕಡೆ ಸರಿಯಾಗಿ ಬಂತು. ಕಾಲಿನ ಕಡೆ ಬರಲೊಲ್ಲದು. ಕಾಲಿನ ಕಡೆಗೆ ಎಳೆದರೆ ಹಾಸಿಗೆ ದೊನ್ನೆಯ ಹಾಗೆ ಮಡಚಿಕೊಂಡು ತಲೆಯ ಕಡೆ ಎದ್ದು ನಿಂತಿತು. ಉದ್ದಕ್ಕೆ ಒಂದೂವರೆ ಗೇಣು ಕಡಿಮೆ, ಅಗಲಕ್ಕೆ ಒಂದು ಗೇಣು ಕಡಿಮೆ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

“ಬೀಗಿತ್ತಿ, ಇದು ಹಾಸಿಗೆಗೆ ಗವಸೋ, ದಿಂಬಿಗೆ ಕುಲಾವಿಯೋ?” ಎಂದ ರೈತ.

“ಬೀಗರೇ, ನೀವು ತಂದದ್ದು ಹಾಸಿಗೆಯಾ? ಮಗಳ ಜತೆ ಒಂದು ಜೋಡಿ ಎತ್ತೂ ಮಲಗಲಿ ಅಂತ ಮಾಡಿಸಿದಿರೋ ಏನೋ,” ಎಂದಳು ತಾಯಿ.

ಮೊದಲು ಎಲ್ಲರೂ ನಕ್ಕರು. ಆಮೇಲೆ ರೈತ, ನಾನು ಮಾತಾಡಿದಷ್ಟೇ ಅಳತೆಗೆ ಮಾಡಿಸಿದ್ದೇನೆ ಎಂದ. ತಾಯಿ, ನಾನೂ ಮಾತಾಡಿದಷ್ಟೇ ಅಳತೆಗೆ ಹೊಲಿದಿದ್ದೇನೆ ಎಂದಳು. ಇಬ್ಬರೂ ದೇವರ ಮುಂದೆ ಆಣೆ ಇಟ್ಟರು. ಇಬ್ಬರೂ ಸುಳ್ಳು ಹೇಳುವವರಲ್ಲ. ಅದೇ ಕಷ್ಟವಾಯಿತು. ತಾನು ಸುಳ್ಳು ಹೇಳುತ್ತಿಲ್ಲ ಎಂಬುದು ಒಬ್ಬೊಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಸುಳ್ಳು ಹೇಳುತ್ತಿರುವವರು ಎದುರಿನವರೇ ಎಂದುಕೊಂಡರು.

ಊರ ಹಿರಿಯರು ಬಂದರು. ಹಾಸಿಗೆ ಬಿಚ್ಚಿ ಒಂದಿಷ್ಟು ಹತ್ತಿ ತೆಗೆಯಿರಿ ಎಂದರು. ಮಗಳಿಗೆ ಕೊಟ್ಟದ್ದರಲ್ಲಿ ಒಂದು ಹಿಡಿಯೂ ತೆಗೆಯಗೊಡುವುದಿಲ್ಲ, ಅದು ಅಪಶಕುನ ಎಂದ ರೈತ. ಗವಸಿಗೆ ಒಂದು ಪಟ್ಟಿ ಕೂಡಿಸಮ್ಮ ಎಂದರು. ಮೊದಲ ದಿನವೇ ತೇಪೆ ಹಾಕಿದರೆ ಬಾಳೆಲ್ಲ ತೇಪೆಯೇ ಆದೀತು, ನನ್ನ ಕೈಯಿಂದ ಆಗದು ಎಂದಳು ತಾಯಿ. ಹಾಸಿಗೆ ಕೋಣೆಯಲ್ಲಿ ಬಿದ್ದಿತು. ಗವಸು ಮಡಚಿ ಗೂಡಿಗೆ ಹೋಯಿತು. ಹುಡುಗ ಪಾಪದವನು. ತಾಯಿಯ ಮುಖ ಒಮ್ಮೆ, ಮಾವನ ಮುಖ ಒಮ್ಮೆ ನೋಡಿ, ಅಂಗಡಿಗೆ ಹೋಗಿ ಬಟ್ಟೆಗಂಟಿನ ಮೇಲೆ ಮಲಗಿದ. ರೈತ ಅದೇ ಊರಿನ ತನ್ನ ಸೋದರಮಾವನ ಮನೆಯಲ್ಲಿ ಉಳಿದ. ಎರಡು ದಿನ ಕಳೆಯಿತು. ಮೂರನೆಯ ದಿನ ಅವನು, ನಾಳೆ ಬಿಸಿಲೇರುವುದರೊಳಗೆ ಇದು ತೀರ್ಮಾನವಾಗದಿದ್ದರೆ ಗಾಡಿ ಕಟ್ಟುತ್ತೇನೆ, ಹಾಸಿಗೆಯ ಜತೆಗೆ ಮಗಳನ್ನೂ ಹೇರಿಕೊಂಡು ಹೋಗುತ್ತೇನೆ ಎಂದುಬಿಟ್ಟ. ಹೋಗಲಿ ಬಿಡಿ, ತಡೆಯುವವರು ಯಾರು ಎಂದಳು ತಾಯಿ. ಇಬ್ಬರ ಬಾಯಿಂದಲೂ ಬರಬಾರದ ಮಾತು ಬಂದಾಗಿತ್ತು.

ಹಿರಿಯರು ಹಾಸಿಗೆ ಮಾಡಿದವನನ್ನೇ ಕರೆಸಿದರು. ನಾಲ್ಕನೆಯ ದಿನ ಬೆಳಗ್ಗೆ ದಸ್ತಗೀರ ಬಂದ.

“ಹೇಳು ದಸ್ತಗೀರ, ನಾಲ್ಕು ಮೂರು ಹೌದೋ ಅಲ್ಲವೋ?” ಎಂದ ರೈತ.

ಮುದುಕ ಒಳಗೆ ಹೋಗಿ ಹಾಸಿಗೆಯನ್ನು ನೋಡಿದ, ಗವಸನ್ನು ನೋಡಿದ, ಹೊರಗೆ ಬಂದ. “ಇಬ್ಬರೂ ಸ್ವಲ್ಪ ಇಲ್ಲಿ ಹೊಸಿಲ ಹತ್ತಿರ ಬನ್ನಿ. ಮೊಣಕೈ ಊರಿ ಕೈ ಚಾಚಿ,” ಎಂದ.

ರೈತನ ಕೈ, ಬೀಗಿತ್ತಿಯ ಕೈ, ಅಕ್ಕಪಕ್ಕ ಹೊಸಿಲ ಮೇಲೆ ಚಾಚಿದವು. ರೈತನ ಬೆರಳು ಆಕೆಯ ಬೆರಳಿಗಿಂತ ನಾಲ್ಕು ಬೆರಳಿನಷ್ಟು ಆಚೆ ಹೋಗಿತ್ತು.

ಎಲ್ಲರಿಗೂ ಒಮ್ಮೆಲೇ ತಿಳಿಯಿತು. ಯಾರೂ ಸುಳ್ಳು ಹೇಳಿರಲಿಲ್ಲ. “ಅಯ್ಯೋ ಶಿವನೇ, ಇಷ್ಟಕ್ಕೇನಾ!” ಎಂದು ಹಿರಿಯರು ನಕ್ಕರು.

ಇಲ್ಲಿಗೆ ಕತೆ ಮುಗಿಯಬೇಕಿತ್ತು, ಅಲ್ಲವೇ? ಮುಗಿಯಲಿಲ್ಲ. ಸುಳ್ಳು ಯಾರದು ಎಂಬ ಜಗಳ ತೀರಿತು, ಮೊಳ ಯಾರದು ಸರಿ ಎಂಬ ಜಗಳ ಹತ್ತಿತು.

“ಮೊಳ ಅಂದರೆ ಗಂಡಸಿನ ಮೊಳ. ಹೊಲ ಅಳೆಯೋದು, ಹಗ್ಗ ಅಳೆಯೋದು ಎಲ್ಲ ಅದರಲ್ಲೇ,” ಎಂದ ರೈತ.

“ಈ ಊರಿಗೆಲ್ಲ ಇಪ್ಪತ್ತು ವರ್ಷದಿಂದ ಸೀರೆ ಅಳೆದುಕೊಟ್ಟ ಕೈ ಇದು. ಒಬ್ಬರು ಕಮ್ಮಿ ಅನ್ನಲಿಲ್ಲ,” ಎಂದಳು ತಾಯಿ.

“ಅದಕ್ಕೇ ಈ ಊರಿನ ಹೆಂಗಸರ ಸೀರೆಯೆಲ್ಲ ಮೊಣಕಾಲಿಗೆ ಬಂದಿವೆ!”

“ನಿಮ್ಮ ಮೊಳದಲ್ಲಿ ಅಳೆದಿದ್ದರೆ ಬೀದಿ ಗುಡಿಸುತ್ತಿದ್ದವು!”

ಈಗ ಹಿರಿಯರಲ್ಲೂ ಎರಡು ಗುಂಪಾಯಿತು. ಒಬ್ಬರು ದೇವಸ್ಥಾನದ ಕಂಬದಲ್ಲಿ ಮೊಳದ ಗುರುತು ಇದೆ ಎಂದರು. ಇನ್ನೊಬ್ಬರು ಅದು ಕಲ್ಲುಕುಟಿಗರ ಮೊಳ, ಮನೆಗೆ ಬರುವುದಿಲ್ಲ ಎಂದರು. ವಾದ ಬಿಸಿಯಾಯಿತು.

ದಸ್ತಗೀರ ಎದ್ದ. ಇದು ಇಂದಿಗೆ ಮುಗಿಯುವುದಲ್ಲ, ಹಾಸಿಗೆಯನ್ನು ನನ್ನ ಮನೆಗೇ ಒಯ್ದು ಇಟ್ಟಿರುತ್ತೇನೆ, ಯಾರ ಮೊಳವೆಂದು ಹೇಳಿಕಳಿಸಿ, ಬಿಚ್ಚಿ ಹೊಲಿದುಕೊಡುತ್ತೇನೆ ಎಂದ. ಯಾರೂ ಕಿವಿಗೊಡಲಿಲ್ಲ. ಅವನು ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಅಂಗೈ ಆಡಿಸಿದ. ಹೊಸ ಹಾಸಿಗೆಯ ಮೇಲೆ ಒಂದು ರಾತ್ರಿ ಮೈ ಬಿದ್ದರೂ ಹತ್ತಿ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಇದು ಹಿಂಜಿದ ದಿನ ಹೇಗಿತ್ತೋ ಹಾಗೇ ಉಬ್ಬಿಕೊಂಡಿತ್ತು. ಅವನು ಸುರುಳಿ ಸುತ್ತಿದ. ಕಟ್ಟುವುದಕ್ಕೆ ತಾನು ಕೊಟ್ಟ ಗೋಣಿತಾಟನ್ನು ಹುಡುಕಿದ. ಕೋಣೆಯಲ್ಲಿರಲಿಲ್ಲ, ಪಡಸಾಲೆಯಲ್ಲಿರಲಿಲ್ಲ. ಅಡುಗೆಮನೆಯ ಹಿಂದೆ ಹಿತ್ತಲಿಗೆ ಹೋದ.

ಒರಳುಕಲ್ಲಿನ ಮಗ್ಗುಲಲ್ಲಿ, ಗೋಡೆಗೆ ಒತ್ತಿಕೊಂಡು, ಆ ಗೋಣಿತಾಟಿನ ಮೇಲೆ ಮದುಮಗಳು ಮುದುಡಿ ಮಲಗಿದ್ದಳು. ತಲೆಯ ಕೆಳಗೆ ಕೈ. ಕೈಯಲ್ಲಿ ಹಸಿರು ಬಳೆ.

ಹೆಜ್ಜೆಯ ಸದ್ದಿಗೆ ಎದ್ದು ಕುಳಿತಳು. ಮುದುಕನ ಕಣ್ಣು ಗೋಣಿಯ ಮೇಲಿದ್ದದ್ದನ್ನು ಕಂಡು ಲಗುಬಗೆಯಿಂದ ಝಾಡಿಸಿ ಮಡಚಿದಳು. “ನಿಮ್ಮದಾ ಅಜ್ಜ? ತಗೊಳ್ಳಿ. ನಾನೇನು ಹರಿದಿಲ್ಲ.”

“ಇಲ್ಲೇನವ್ವ ಮಲಗೋದು ನೀನು?”

“ಮೂರು ದಿನದಿಂದ ಇಲ್ಲೇ. ಅಲ್ಲಿ ಅಪ್ಪನ ಹಾಸಿಗೆ ಮೇಲೆ ಮಲಗಿದರೆ ಅಪ್ಪ ಗೆದ್ದ ಅಂತಾರೆ. ಅತ್ತೆ ಹೊಲಿದ ಗವಸು ಹಾಸಿಕೊಂಡರೆ ಅತ್ತೆ ಗೆದ್ದರು ಅಂತಾರೆ. ಇದೊಂದಕ್ಕೆ ಯಾರ ಹೆಸರೂ ಇರಲಿಲ್ಲ.” ಅವಳು ಸ್ವಲ್ಪ ನಕ್ಕಳು. “ಅಳತೆ ಚೆನ್ನಾಗೇ ಇದೆ ಅಜ್ಜ. ಮೊಣಕಾಲು ಮಡಚಿಕೊಂಡರೆ ಸಾಕು.”

ಗೋಣಿಯ ನೇಯ್ಗೆ ಅವಳ ಕೆನ್ನೆಯ ಮೇಲೆ ಎಳೆಎಳೆಯಾಗಿ ಅಚ್ಚೊತ್ತಿತ್ತು. ಅದನ್ನು ನೋಡಿ ದಸ್ತಗೀರನಿಗೆ ಅವಳ ಮನೆಯ ಅಂಗಳ ನೆನಪಾಯಿತು, ಇದ್ದಿಲ ಗೆರೆ ನೆನಪಾಯಿತು, ತಾನು ಸುಮ್ಮನಾದದ್ದು ನೆನಪಾಯಿತು. ಅಂದು ಒಂದು ಮಾತು ಹಟ ಹಿಡಿದು ಕೇಳಿದ್ದರೆ ಅಂಗಳಕ್ಕೆ ಬರುತ್ತಿದ್ದವಳು ಇವಳೇ. ಅಲ್ಲಾಹನ ಎದುರಿಗೆ ಈ ಕೆನ್ನೆಗೆ ನಾನೂ ಉತ್ತರ ಹೇಳಬೇಕು ಎಂದುಕೊಂಡ.

ಅವನು ಗೋಣಿಯನ್ನು ತೆಗೆದುಕೊಂಡು ಪಡಸಾಲೆಗೆ ಬಂದ. ಇಬ್ಬರು ಬೀಗರ ನಡುವೆ ಅದನ್ನು ಬಿಡಿಸಿ ಹಾಸಿದ.

“ಏನಿದು?” ಎಂದ ರೈತ.

“ಹಾಸಿಗೆ, ಯಜಮಾನರೇ. ಮೂರು ರಾತ್ರಿ ನಿಮ್ಮ ಬಾಳವ್ವ ಮಲಗಿದ್ದು ಇದರ ಮೇಲೆ. ಅಳೆಯಿರಿ. ಯಾರ ಮೊಳವಾದರೂ ಆದೀತು.”

ಸೋದರಮಾವನ ಮನೆಯ ಹೆಂಗಸರ ಜತೆ ಮಗಳು ಮಲಗಿದ್ದಾಳೆ ಎಂದು ರೈತ ತಿಳಿದಿದ್ದ, ತಾನು ಮಲಗುವ ಮನೆಯಲ್ಲೇ ಅವಳನ್ನು ಕಾಣದಿದ್ದರೂ ಹುಡುಕಿರಲಿಲ್ಲ. ರಾತ್ರಿ ಮಲಗಲು ತಂದೆಯ ಜತೆ ಹೋಗುತ್ತಾಳೆ ಎಂದು ಅತ್ತೆ ತಿಳಿದಿದ್ದಳು, ಬೆಳಗ್ಗೆ ಒರಳುಕಲ್ಲಿನ ಹತ್ತಿರ ಅವಳನ್ನು ಕಂಡಾಗ, ಹಟಕ್ಕೆ ಬೇಗ ಬಂದು ಕೆಲಸ ಹಿಡಿದಿದ್ದಾಳೆ ಎಂದುಕೊಂಡಿದ್ದಳು. ಈಗ ಬಾಳವ್ವ ಬಾಗಿಲ ಮರೆಯಲ್ಲಿ ಬಂದು ನಿಂತಳು. ಇಬ್ಬರೂ ಅವಳ ಕೆನ್ನೆಯನ್ನು ನೋಡಿದರು.

ಯಾರೂ ಕೈ ಚಾಚಲಿಲ್ಲ.

ಮೊದಲು ಎದ್ದವಳು ಅತ್ತೆ. ಗೂಡಿನಿಂದ ಗವಸು ತೆಗೆದುಕೊಂಡು ಕೋಣೆಗೆ ಹೋದಳು. “ಬೀಗರೇ, ತಲೆಯ ಕಡೆ ಸ್ವಲ್ಪ ಎತ್ತಿ ಹಿಡಿಯಿರಿ. ನನ್ನೊಬ್ಬಳಿಂದ ಆಗೋದಿಲ್ಲ,” ಎಂದಳು. ರೈತ ಹೋಗಿ ಸುರುಳಿ ಬಿಚ್ಚಿ ಎತ್ತಿ ಹಿಡಿದ. ಆಕೆ ಗವಸಿನ ಒಂದು ಮಗ್ಗುಲ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಬಟ್ಟೆಯನ್ನು ಹಾಸಿಗೆಯ ಮೇಲೆ ಹರಡಿದಳು. ಕಾಲಿನ ಕಡೆ ಹಾಸಿಗೆ ಬರಿದಾಗಿಯೇ ಉಳಿಯಿತು. ರೈತ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಅಲ್ಲಿಗೆ ಹಾಸಿದ. ಬಣ್ಣಕ್ಕೆ ಬಣ್ಣ ಕೂಡಲಿಲ್ಲ. ಅಂಚಿಗೆ ಅಂಚು ಸೇರಲಿಲ್ಲ. ಹೀಗೆ ಹಾಸಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಆ ಮದುವೆಯಲ್ಲಿ ದೇವರು ಮೆಚ್ಚಿದ್ದು ಆ ಒಂದು ಕೆಲಸವನ್ನೇ ಎಂದು ನನ್ನ ನಂಬಿಕೆ.

ಹಗಲು ಹೊತ್ತಿನಲ್ಲೇ ಹುಡುಗಿಯನ್ನು ಒಳಗೆ ಕರೆದೊಯ್ದು ಮಲಗಿಸಿದರು. ದೀಪ ಹಚ್ಚುವ ಹೊತ್ತಿನವರೆಗೆ ಅವಳು ಏಳಲಿಲ್ಲ. ಹೊರಗೆ ಬೀಗರಿಬ್ಬರೂ ಮೆಲುದನಿಯಲ್ಲಿ ಮಾತಾಡುತ್ತ ಕುಳಿತಿದ್ದರು. ಮರುದಿನ ಗಾಡಿ ಹೊರಟಿತು. ರೈತನೊಬ್ಬನೇ ಅದರಲ್ಲಿದ್ದ.

ದಸ್ತಗೀರ ಅಂದಿನಿಂದ ಯಾರ ಅಂಗಳಕ್ಕೆ ಹೋದರೂ ಮಲಗುವವರು ಬಂದು ಎದುರಿಗೆ ನಿಲ್ಲುವ ತನಕ ಹೆಗಲಿನಿಂದ ಬಿಲ್ಲು ಇಳಿಸಲಿಲ್ಲವಂತೆ.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಜಗುಲಿಯ ಅಂಚಿಗೆ ಬಂದಿತ್ತು.

ಶಿಷ್ಯನು ಮನಸ್ಸಿಟ್ಟು ಕೇಳಿದ್ದನು. ಬೀಗರ ಮಾತಿಗೆ ನಕ್ಕಿದ್ದನು, ಹುಡುಗಿಯ ಕೆನ್ನೆಯ ಮಾತು ಬಂದಾಗ ಅವನ ಕಣ್ಣು ತುಂಬಿತ್ತು. ಆದರೆ ಒಳಗೆ ಇಬ್ಬರು ಹಿರಿಯರು ಓಲೆಗರಿ ಹಿಡಿದು ಅವನಿಗಾಗಿ ಕಾಯುತ್ತಿದ್ದರು. ಬರಿಗೈಯಲ್ಲಿ ಹೋಗುವುದು ಹೇಗೆ?

“ಕತೆ ಬಹಳ ಚೆನ್ನಾಗಿದೆ, ಗುರುಗಳೇ,” ಎಂದನು. “ಆದರೆ ಕೊನೆಗೆ ಯಾರ ಮೊಳ ಸರಿ ಎಂದು ತೀರ್ಮಾನವಾಯಿತು? ಅದೊಂದು ತಿಳಿದರೆ ನಾನು ಹೋಗಿ ಹೇಳುತ್ತೇನೆ.”

ಗುರುಗಳು ಅವನು ಹೊದ್ದಿದ್ದ ಕಂಬಳಿಯನ್ನು ನೋಡಿದರು. ಆಮೇಲೆ ಹೆಬ್ಬಾಗಿಲಿನ ಕಡೆಗೆ ನೋಡಿದರು.

“ಬಾಗಿಲಿಗೆ ಬಂದವನು ಈ ಎರಡು ರಾತ್ರಿ ಎಲ್ಲಿ ಮಲಗಿದ್ದನಪ್ಪಾ?”

ಶಿಷ್ಯನು ಹೊದ್ದ ಕಂಬಳಿಯನ್ನು ತೆಗೆದು ಕೈಯಲ್ಲಿ ಹಿಡಿದು ಹೆಬ್ಬಾಗಿಲಿನ ಕಡೆಗೆ ನಡೆದನು.